ಕಿರೀಟದ ಪಾರಿವಾಳಗಳು ಬಂದ ಮೇಲೆ

ಮನೆಯ ಹಿಂದಿನ ವೆಲ್ಡಿಂಗ್ ಶೆಡ್ಡಿನಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಚಿನ್ನಿ ಮಗಳೇ,

ಹೇಗಿದ್ದೀಯಮ್ಮಾ? ಹೊಸ ಕನ್ನಡಕಕ್ಕೆ ಕಣ್ಣು ಒಗ್ಗಿತೇ? ಮುದ್ರಣಾಲಯದಲ್ಲಿ ರಾತ್ರಿ ಪಾಳಿ ತಪ್ಪಿ ಹಗಲು ಪಾಳಿ ಸಿಕ್ಕಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಂತುಕೊಂಡೇ ಎರಡು ತುತ್ತು ನುಂಗಿ ಓಡುವ ಚಾಳಿ ನಿನಗೆ ನನ್ನಿಂದಲೇ ಬಂದದ್ದು, ಆದ್ದರಿಂದ ಬುದ್ಧಿ ಹೇಳುವ ಹಕ್ಕು ನನಗಿಲ್ಲ. ಆದರೂ ಹೇಳುತ್ತೇನೆ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಆಗಾಗ ತಕರಾರು ತೆಗೆಯುತ್ತದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಗದದ ಮೇಲೆ ಕಪ್ಪು ಬೆರಳಚ್ಚು ಕಂಡರೆ ಬೇಸರಪಡಬೇಡ. ಸೋಪು ಹಾಕಿ ಉಜ್ಜಿಕೊಂಡೇ ಕುಳಿತಿದ್ದೇನೆ, ಕಬ್ಬಿಣದ ಮಸಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಫೋನು ಇರುವಾಗ ಅಪ್ಪನಿಗೆ ಕಾಗದ ಬರೆಯುವ ಹುಚ್ಚು ಏಕೆ ಹಿಡಿಯಿತು ಎಂದು ನೀನು ನಗುತ್ತಿರಬಹುದು. ಮನೆಯೊಳಗಿಂದ ಮಾತಾಡುವಂತಿಲ್ಲ, ನಿನ್ನಮ್ಮನದು ಸೂಜಿ ಬಿದ್ದರೂ ಕೇಳುವ ಕಿವಿ. ಮೊನ್ನೆ ಈ ಶೆಡ್ಡಿನಿಂದಲೇ ನಿನಗೆ ಫೋನು ಮಾಡಿದ್ದೆನಲ್ಲ, ಅದು ನಿಜಕ್ಕೂ ಇದನ್ನು ಹೇಳಲೆಂದೇ ಮಾಡಿದ್ದು. ನಿನ್ನ ‘ಹೇಳಪ್ಪಾ’ ಕೇಳಿದ್ದೇ ತಡ, ಅಂದುಕೊಂಡದ್ದೆಲ್ಲ ಬಿಟ್ಟುಹೋಯಿತು. ಅಲ್ಲಿ ಮಳೆಯೋ ಬಿಸಿಲೋ ಎಂದು ವಿಚಾರಿಸಿ ಇಟ್ಟುಬಿಟ್ಟೆ. ಕಾಗದಕ್ಕಾದರೆ ನನ್ನ ದನಿ ನಡುಗುವುದು ಗೊತ್ತಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಏನನ್ನೂ ಹೇಳಕೂಡದೆಂದು ಅವಳು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ಆ ಆಣೆಯನ್ನು ಈಗ ಮುರಿಯುತ್ತಿದ್ದೇನೆ. ಚಿನ್ನೀ, ನಿನ್ನಮ್ಮನಿಗೆ ತುಂಬಾ ಹುಷಾರಿಲ್ಲ. ನನ್ನ ಕೈಲಿ ಇನ್ನು ಆಗುತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿನಗೆ ತಲೆಬುಡ ತಿಳಿಯುವುದಿಲ್ಲ. ಕಿರೀಟದ ಪಾರಿವಾಳದ ಜೋಡಿ ನಮ್ಮ ಹಕ್ಕಿಮನೆಗೆ ಬಂತೆಂದು ಕಳೆದ ವರ್ಷ ಅವಳು ನಿನಗೆ ಕೂಗಿ ಕೂಗಿ ಹೇಳಿದ್ದಳಲ್ಲ, ಅಲ್ಲಿಂದ ಶುರು. ಆ ಹಕ್ಕಿ ಅವಳಿಗೆ ಎಂಥದ್ದೆಂದು ನಿನಗೂ ಗೊತ್ತು. ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಯಾವುದೋ ಮೃಗಾಲಯದಲ್ಲಿ ಅದನ್ನು ನೋಡಿ, ಬೇಲಿ ಬಿಟ್ಟು ಬರುವುದಿಲ್ಲವೆಂದು ಹಟ ಹಿಡಿದು, ಅವರಪ್ಪನ ಕೈಲಿ ಏಟು ತಿಂದವಳು. ಶಾಲೆಯಲ್ಲಿ ಡ್ರಾಯಿಂಗ್ ಟೀಚರಾಗಿದ್ದಷ್ಟು ಕಾಲವೂ ಮಕ್ಕಳಿಗೆ ಗುಬ್ಬಿ, ಗಿಳಿ ಬರೆಯಲು ಕಲಿಸಿ, ತಾನು ಮಾತ್ರ ಬೋರ್ಡಿನ ಮೂಲೆಯಲ್ಲಿ ಆ ನೀಲಿ ಕಿರೀಟವನ್ನೇ ಬರೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ‘ನಿನಗೆ ಏನು ಬೇಕು?’ ಎಂದು ನಾನು ಬಹಳ ಗತ್ತಿನಿಂದ ಕೇಳಿದ್ದೆ. ಒಡವೆಯೋ ಬಟ್ಟೆಯೋ ಕೇಳುತ್ತಾಳೆಂದುಕೊಂಡಿದ್ದೆ. ‘ಒಂದು ದೊಡ್ಡ ಪಂಜರ ಮಾಡ್ಕೊಡ್ತೀರಾ? ಒಳಗೆ ನಾನು ನಿಂತ್ಕೋಬೇಕು, ಅಷ್ಟು ದೊಡ್ಡದು’ ಅಂದಳು. ಮಾಡಿಕೊಟ್ಟೆ. ಆಮೇಲೆ ಅದಕ್ಕೆ ಇನ್ನೊಂದನ್ನು ಜೋಡಿಸಿದೆ, ಮತ್ತೊಂದನ್ನು ಜೋಡಿಸಿದೆ. ಗುಬ್ಬಿಗಿಂತ ಪುಟ್ಟ ಮುನಿಯಾಗಳು ಬಂದವು, ಜುಟ್ಟಿನ ಗಿಳಿಯಂಥ ಕಾಕಟೀಲ್ ಬಂದವು, ಬಣ್ಣದ ಕೋಳಿಯಂಥ ಫೆಸೆಂಟುಗಳು ಬಂದವು. ನೀನು ಅಲ್ಲೇ ಅಂಬೆಗಾಲಿಟ್ಟೆ. ಎಲ್ಲವನ್ನೂ ಅವಳು ಪ್ರೀತಿಸಿದಳು. ಆದರೆ ಹಿಂಬದಿಯ ಎತ್ತರದ ಭಾಗವನ್ನು ಯಾವಾಗಲೂ ಖಾಲಿ ಇಟ್ಟಿದ್ದಳು. ಯಾರಾದರೂ ಕೇಳಿದರೆ ‘ಅದು ದೊಡ್ಡವರಿಗೆ’ ಅನ್ನುತ್ತಿದ್ದಳು.

ಆ ದೊಡ್ಡವರು ಕೊನೆಗೂ ಬಂದರು. ಜೀವಮಾನವಿಡೀ ಹಕ್ಕಿ ಸಾಕಿದ್ದ ಒಬ್ಬ ಮುದುಕ ಕಣ್ಣು ಕಾಣದಂತಾಗಿ ಎಲ್ಲವನ್ನೂ ಬಿಡುವವನಿದ್ದ. ಕೇಳಿಕೊಂಡು ಬಂದವರು ಬೇಕಾದಷ್ಟು ಜನ. ಅವನು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡಿಸಿ, ಕಡೆಗೆ ನಿನ್ನಮ್ಮನನ್ನು ಆರಿಸಿದ. ‘ಉಳಿದೋರೆಲ್ಲ ಇವು ಎಷ್ಟು ಮರಿ ಮಾಡ್ತವೆ ಅಂತ ಕೇಳಿದ್ರಮ್ಮಾ. ನೀನೊಬ್ಬಳೇ ಇವಕ್ಕೆ ಏನು ಇಷ್ಟ ಅಂತ ಕೇಳಿದ್ದು’ ಎಂದನಂತೆ. ಹಕ್ಕಿಗಳನ್ನು ವ್ಯಾನಿನಿಂದ ಇಳಿಸಿದ ದಿನ ನೀನು ನೋಡಬೇಕಿತ್ತು. ಕೋಳಿಗಿಂತ ಎಷ್ಟೋ ದೊಡ್ಡವು. ಬೂದಿ ಬೆರೆತ ನೀಲಿ ಮೈ, ಕೆಂಪು ಕಣ್ಣು, ನೆತ್ತಿಯ ಮೇಲೆ ಬಿಡಿಸಿಟ್ಟ ಬೀಸಣಿಗೆ, ಅದರ ತುದಿಗೆಲ್ಲ ಬಿಳಿ ಅಂಚು. ಗಂಡು ಇಳಿದದ್ದೇ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಒಂದು ಸುತ್ತು ಹಾಕಿ, ನನ್ನ ವೆಲ್ಡಿಂಗನ್ನು ಕೊಕ್ಕಿನಿಂದ ತಟ್ಟಿ ನೋಡಿ, ತಲೆ ಬಗ್ಗಿಸಿ ‘ಹೂಂ’ ಎಂದು ಎದೆಯಾಳದಿಂದ ಒಂದು ಸದ್ದು ಹೊರಡಿಸಿತು. ‘ಪಾಸಾದ್ರಿ ಬಿಡಿ’ ಎಂದು ನಿನ್ನಮ್ಮ ನಕ್ಕಳು. ನಗುತ್ತಲೇ ಅತ್ತಳು. ಅಷ್ಟು ಚೆಂದವಾಗಿ ಅವಳನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಕೆಮ್ಮು ಅದಕ್ಕೆ ಮುಂಚೆಯೇ ಇತ್ತೋ ಏನೋ, ನಾವು ಲಕ್ಷ್ಯ ಕೊಟ್ಟಿರಲಿಲ್ಲ. ಅವು ಬಂದ ಮೇಲೆ ಜಾಸ್ತಿಯಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಮೈ ಬಿಸಿ. ಎದೆ ಡಾಕ್ಟರು ಎಕ್ಸ್‌ರೇ ಚಿತ್ರಗಳನ್ನು ದೀಪಕ್ಕೆ ಹಿಡಿದು ತುಂಬ ಹೊತ್ತು ನೋಡಿದರು. ಹಕ್ಕಿಗಳ ಗರಿಯಿಂದ ಉದುರುವ ಸಣ್ಣ ಹುಡಿ ವರ್ಷಾನುಗಟ್ಟಲೆ ಒಳಗೆ ಹೋಗಿ ಶ್ವಾಸಕೋಶವೆಲ್ಲ ಗಟ್ಟಿಯಾಗುತ್ತಿದೆ ಅಂದರು. ಪಾರಿವಾಳದ ಜಾತಿಗೆ ಆ ಹುಡಿ ಎಲ್ಲಕ್ಕಿಂತ ಹೆಚ್ಚಂತೆ. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ, ಹಕ್ಕಿಗಳು ಹೋದರೆ ಉಳಿದಿರುವುದನ್ನು ಉಳಿಸಿಕೊಳ್ಳಬಹುದು, ಹಕ್ಕಿ ಇದ್ದರೆ ಯಾವ ಮಾತ್ರೆಯಿಂದಲೂ ಉಪಯೋಗವಿಲ್ಲ ಎಂದು ಖಂಡಿತವಾಗಿ ಹೇಳಿದರು. ನಿನ್ನಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಕೈ ಹಿಡಿದು ‘ಚಿನ್ನಿಗೆ ಹೇಳಿದ್ರೆ ನನ್ನ ಮೇಲಾಣೆ’ ಅಂದಳು, ಅಷ್ಟೇ.

ಅವಳು ಪೂರ್ತಿ ಹಟಮಾರಿ ಎಂದುಕೊಳ್ಳಬೇಡ. ಮುನಿಯಾ, ಕಾಕಟೀಲ್, ಫೆಸೆಂಟುಗಳನ್ನೆಲ್ಲ ಒಂದೇ ವಾರದಲ್ಲಿ ಒಳ್ಳೊಳ್ಳೆಯ ಕಡೆಗೆ ಕೊಟ್ಟಳು. ಈ ಜೋಡಿಯ ಸರದಿ ಬಂದಾಗ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. ಪಕ್ಷಿಧಾಮದವರು, ಪಾಪ, ನಾನು ಕರೆದದ್ದಕ್ಕೆ ಪೆಟ್ಟಿಗೆ ಹೊತ್ತುಕೊಂಡು ಬಂದಿದ್ದರು. ಅವತ್ತೇ ಗೂಡಿನಲ್ಲಿ ಮೊಟ್ಟೆ ಕಂಡಿತ್ತು. ಇವು ಇಡುವುದೇ ಒಂದು ಮೊಟ್ಟೆ. ಈಗ ಜಾಗ ಬದಲಿಸಿದರೆ ತಾಯಿ ಅದನ್ನು ಬಿಟ್ಟುಬಿಡುತ್ತದೆ ಎಂದು ಅವಳು ಅಂಗಲಾಚಿದಳು. ಬಂದವರೂ ಹೌದೆಂದರು. ನಾನು ಒಪ್ಪಿದೆ. ಮೊಟ್ಟೆ ಒಡೆದ ಮೇಲೆ, ಮರಿ ಇನ್ನೂ ಎಳೆಯದು, ಗೂಡಿನಿಂದ ಇಳಿಯಲಿ ಅಂದಳು. ಇಳಿಯಿತು. ತಾನಾಗಿ ಹಣ್ಣು ತಿನ್ನಲು ಕಲಿಯಲಿ ಅಂದಳು. ಚಿನ್ನೀ, ನಾನು ಮುಖಕ್ಕೆ ಮಾಸ್ಕ್ ತಂದೆ, ದಿನಾ ಬೆಳಿಗ್ಗೆ ನಾನೇ ನೀರು ಚಿಮುಕಿಸಿ ನೆಲ ತೊಳೆದೆ, ಅವಳ ಬಟ್ಟೆಗಳನ್ನು ಬೇರೆಯಾಗಿ ಒಗೆದೆ. ಮಾಸ್ಕನ್ನು ಅವಳು ನಾನು ಮರೆಯಾದ ಕೂಡಲೇ ಗದ್ದಕ್ಕೆ ಇಳಿಸುತ್ತಿದ್ದಳು. ‘ಮುಖ ಮುಚ್ಕೊಂಡ್ರೆ ಮರಿಗೆ ನನ್ನ ಗುರುತು ಸಿಗಲ್ಲ ಕಣ್ರೀ’ ಎಂಬುದು ಅವಳ ಸಮಾಧಾನ.

ಹೋದ ತಿಂಗಳು ನಾನು ಒಂದು ಗೇಟಿನ ಕೆಲಸ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಒಳಗೆ ಅವಳು ಕಾಣಲಿಲ್ಲ. ಹಕ್ಕಿಮನೆಯ ಬಾಗಿಲು ತೆರೆದೇ ಇತ್ತು. ನೆಲದ ಮೇಲೆ ಬಿದ್ದಿದ್ದಳು, ತುಟಿ ನೀಲಿಯಾಗಿತ್ತು. ಗಂಡು ಹಕ್ಕಿ ಪಕ್ಕದಲ್ಲೇ ನಿಂತು ಒಂದೇ ಸಮನೆ ಹೂಂಗುಟ್ಟುತ್ತಿತ್ತು. ಅವಳನ್ನು ಎತ್ತಿಕೊಂಡೆ. ಎಷ್ಟು ಹಗುರವಾಗಿದ್ದಾಳೆ ಗೊತ್ತೇನಮ್ಮಾ? ನಿನ್ನ ಶಾಲೆಯ ಚೀಲ ಇದಕ್ಕಿಂತ ಭಾರವಿತ್ತು. ಈಗ ಮನೆಯಲ್ಲೇ ಆಮ್ಲಜನಕದ ಯಂತ್ರ ಇದೆ. ಮೂಗಿಗೆ ಕೊಳವೆ ಹಾಕಿಕೊಂಡೇ ಇರಬೇಕು. ಆ ಕೊಳವೆ ಅಡುಗೆಮನೆಯ ಕಿಟಕಿಯವರೆಗೆ ಮಾತ್ರ ಎಟಕುತ್ತಿತ್ತು. ನಾನು ಒಳಗೊಳಗೇ, ಸದ್ಯ ಬದುಕಿದೆ, ಇನ್ನು ಇವಳು ಹೊರಗೆ ಹೋಗಲಾರಳು ಎಂದುಕೊಂಡೆ. ಒಂದು ದಿನ ನೋಡುತ್ತೇನೆ, ಹಿತ್ತಲಿನ ಕಲ್ಲುಗಳ ಮೇಲೆ ಉದ್ದಕ್ಕೆ ಕೊಳವೆ ಚಾಚಿಕೊಂಡಿದೆ, ಅದರ ತುದಿಯಲ್ಲಿ ನಿನ್ನಮ್ಮ ಮರಿಗೆ ಪಪ್ಪಾಯಿ ತಿನ್ನಿಸುತ್ತಾ ಕುಳಿತಿದ್ದಾಳೆ. ಔಷಧಿ ಅಂಗಡಿಯವನಿಗೆ ಫೋನು ಮಾಡಿ ಉದ್ದದ ಕೊಳವೆ ತರಿಸಿಕೊಂಡಿದ್ದಾಳೆ! ನನಗೆ ನಗು ಬಂತು. ಆಮೇಲೆ ಈ ಶೆಡ್ಡಿಗೆ ಬಂದು, ಯಾರಿಗೂ ಕೇಳದಿರಲೆಂದು ಕಬ್ಬಿಣ ಉಜ್ಜುವ ಗ್ರೈಂಡರ್ ಹಾಕಿಕೊಂಡು, ಗೋಳೋ ಎಂದು ಅತ್ತೆ.

ಮೊನ್ನೆ ಗುರುವಾರ ಹಕ್ಕಿಮನೆಗೆ ಹೊಸ ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿದೆ. ಹಕ್ಕಿಗಳಿಗೆ ನೀರು, ಹಣ್ಣು, ಕಾಳು ನಾನೇ ಇಡುತ್ತೇನೆ. ಅವು ನನ್ನನ್ನು ಕಂಡರೆ ಬೀಸಣಿಗೆ ಅರಳಿಸಿ ಹಿಂದೆ ಸರಿಯುತ್ತವೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಊಟದ ತಟ್ಟೆ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಕಿಟಕಿಗೆ ಹಣೆ ಒತ್ತಿಕೊಂಡು ಕೂರುತ್ತಾಳೆ, ಗಾಜಿನ ಮೇಲೆ ಅವಳ ಉಸಿರಿನ ಮಂಜು ತೀರಾ ಸಣ್ಣದಾಗಿ ಮೂಡಿ ಮಾಯವಾಗುತ್ತದೆ. ನಿನ್ನೆ ಸಂಜೆ ಒಂದೇ ಒಂದು ಮಾತಾಡಿದಳು. ‘ನಾನು ಹೇಗೂ ಉಳಿಯೋಳಲ್ಲ. ಏನನ್ನ ನೋಡ್ತಾ ಹೋಗ್ಬೇಕು ಅನ್ನೋದನ್ನಾದ್ರೂ ನನಗೆ ಬಿಡ್ರೀ.’ ಅವಳ ಮಾತು ನ್ಯಾಯವೇ ಇರಬಹುದು. ಆದರೆ ನನಗೆ ನ್ಯಾಯ ಬೇಡ, ಅವಳು ಬೇಕು. ಎರಡು ವರ್ಷವೋ ನಾಲ್ಕು ವರ್ಷವೋ, ಎಷ್ಟು ಸಿಕ್ಕರೆ ಅಷ್ಟು. ಕಿಟಕಿಯ ಪಕ್ಕ ಮುನಿಸಿಕೊಂಡು ಕುಳಿತಿದ್ದರೂ ಆದೀತು. ಬೀಗ ತೆಗೆದರೆ ನಾನೇ ಅವಳನ್ನು ಕೊಂದಂತೆ, ತೆಗೆಯದಿದ್ದರೆ ಊಟ ಬಿಟ್ಟೇ ಸೊರಗಿಹೋಗುತ್ತಾಳೆ. ಜೇಬಿಗೆ ಕೈ ಹಾಕಿದಾಗಲೆಲ್ಲ ಕೀಲಿಯೇ ತಾಗುತ್ತದೆ. ಇಷ್ಟು ವರ್ಷ ಕಬ್ಬಿಣ ಬಗ್ಗಿಸಿದ ಕೈ ಇದು, ಇವಳೊಬ್ಬಳನ್ನು ಬಗ್ಗಿಸಲು ಆಗಲಿಲ್ಲ.

ಅವಳು ಯಾರ ಮಾತನ್ನಾದರೂ ಕೇಳುವುದಾದರೆ ಅದು ನಿನ್ನದೊಂದೇ. ಕಾಗದ ಕೈಸೇರಿದ ಕೂಡಲೇ ಹೊರಟು ಬಾ. ರಜೆ ಕೊಡದಿದ್ದರೆ ಕೆಲಸ ಬಿಟ್ಟೇ ಬಾ. ಬಂದು ಅವಳನ್ನು ಬೈಯಿ, ಅಳು, ಕಾಲು ಹಿಡಿ, ಏನಾದರೂ ಮಾಡು. ಬೇಕಾದರೆ ನನ್ನನ್ನೂ ಬೈಯಿ. ಈ ಬುಧವಾರವಲ್ಲ, ಮುಂದಿನ ಬುಧವಾರ ಪಕ್ಷಿಧಾಮದವರು ಮತ್ತೊಮ್ಮೆ ಬರುತ್ತೇವೆ ಎಂದಿದ್ದಾರೆ. ಆ ಹೊತ್ತಿಗೆ ನೀನು ಅವಳ ಪಕ್ಕದಲ್ಲಿರಬೇಕು. ನಾನೊಬ್ಬನೇ ಆ ಪೆಟ್ಟಿಗೆಗಳನ್ನು ಅವಳ ಕಣ್ಣೆದುರು ಸಾಗಿಸಲಾರೆ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ದಾರಿಯಲ್ಲಿ ಜೋಪಾನ.

ನಿನ್ನ ದಾರಿ ಕಾಯುತ್ತಿರುವ
ಅಪ್ಪ

ತಾ. ಕ.: ಚಿನ್ನೀ, ಮೇಲೆ ಬರೆದದ್ದನ್ನು ನಂಬಿ ಹೊರಟುಬಿಡಬೇಡ, ಮೊದಲು ಇದನ್ನು ಓದು. ಲಕೋಟೆಯ ಮೇಲೆ ಬರೆಯಲು ನಿನ್ನ ಹೊಸ ಮನೆಯ ವಿಳಾಸ ನನಗೆ ನೆನಪಾಗಲಿಲ್ಲ. ಬೇರೆ ದಾರಿ ಕಾಣದೆ ನಿನ್ನಮ್ಮನನ್ನೇ ಕೇಳಿದೆ. ಏಕೆಂದಳು. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಆಣೆ ಮುರಿದದ್ದಕ್ಕೆ ಕಿರುಚುತ್ತಾಳೆಂದುಕೊಂಡೆ, ಕಿರುಚಲಿಲ್ಲ. ‘ಅವಳನ್ನ ಇಲ್ಲಿಗೆ ಕರೀತೀರಾ? ಈ ಧೂಳಿಗಾ?’ ಅಂದಳು. ಆಮೇಲೆ ‘ಅವಳು ಹುಟ್ಟಿದಾಗಿನಿಂದ ನನ್ನ ಜೊತೆ ಇದೇ ಹುಡಿ ಕುಡಿದು ಬೆಳೆದೋಳಲ್ರೀ, ಅವಳ ಎದೆ ಯಾರು ನೋಡಿದಾರೆ?’ ಅಂದಳು. ಇಷ್ಟು ತಿಂಗಳಲ್ಲಿ ಒಮ್ಮೆಯೂ ನನಗೆ ಇದು ಹೊಳೆದಿರಲಿಲ್ಲವಲ್ಲ! ಅವಳೇ ಫೋನು ಎತ್ತಿಕೊಂಡು ಪಕ್ಷಿಧಾಮದವರಿಗೆ ಬುಧವಾರದವರೆಗೆ ಕಾಯಬೇಡಿ, ನಾಳೆ ಬೆಳಿಗ್ಗೆಯೇ ಬನ್ನಿ ಎಂದಳು. ದನಿ ಗಟ್ಟಿಯಾಗಿಯೇ ಇತ್ತು. ನಿನಗೂ ಈಗಲೇ ಫೋನು ಮಾಡುತ್ತಿದ್ದೇವೆ. ಪಾಳಿಯಲ್ಲಿದ್ದೀಯೇನೋ, ನೀನು ಎತ್ತುತ್ತಿಲ್ಲ. ಅದಕ್ಕೇ ಇದನ್ನೂ ಅಂಚೆಗೆ ಹಾಕುತ್ತಿದ್ದೇನೆ. ಮೊದಲು ಎದೆಯ ಚಿತ್ರ ತೆಗೆಸು. ಹಕ್ಕಿಗಳ ಜೊತೆ ಬೆಳೆದವಳು ಎಂದು ಡಾಕ್ಟರಿಗೆ ಮರೆಯದೆ ಹೇಳು. ಏನೂ ಇಲ್ಲವೆಂದು ಅವರು ಹೇಳಿದ ಮೇಲೆ, ನಾನು ಈ ಮನೆಯನ್ನು ಗೋಡೆ ಗೋಡೆಯೂ ತೊಳೆದ ಮೇಲೆ ಬಾ. ಡಾಕ್ಟರು ಏನೆಂದರೆಂದು ತಿಳಿಯುವವರೆಗೆ ನಿನ್ನಮ್ಮ ಊಟ ಮಾಡುವುದಿಲ್ಲವಂತೆ. ಬೇಗ ಹೋಗಮ್ಮಾ.