ರೂತವ್ವನ ಹಾಲು

ಬನಹಟ್ಟಿ, ಮಾರ್ಚ್ ೧೯೨೦

ಪೂಜ್ಯ ಪಾದ್ರಿಗಳಿಗೆ ನೇಕಾರ ಸಮುವೇಲಪ್ಪನ ವಂದನೆಗಳು.

ಶುಭ ಶುಕ್ರವಾರದ ಪ್ರಸಂಗದಲ್ಲಿ ನನ್ನ ಹೆಂಡತಿ ರೂತವ್ವನ ತ್ಯಾಗದ ಕಥೆ ಹೇಳುತ್ತೀರೆಂದು ತಿಳಿಯಿತು. ದಯವಿಟ್ಟು ಹೇಳಬೇಡಿರಿ.

ಹದಿನೆಂಟನೆಯ ಇಸವಿಯಲ್ಲಿ ಊರೂರನ್ನೇ ಬಲಿ ತೆಗೆದುಕೊಂಡ ಆ ದೊಡ್ಡ ಜ್ವರದಲ್ಲಿ ನೆರೆಮನೆಯ ತಂಗೆವ್ವ ಸತ್ತಾಗ, ಅವಳ ಹೆಣ್ಣುಕೂಸಿಗೆ ರೂತವ್ವನೇ ಮೊಲೆಯೂಡಿಸಿದಳು. ಆಗ ನಮ್ಮ ಮಗನೂ ಮೊಲೆಗೂಸು; ಎರಡು ಕೂಸುಗಳಿಗೆ ಹಾಲು ಸಾಲಲಿಲ್ಲ.

“ನಮ್ಮ ಮಗ ಸೊರಗಾಕತ್ತಾನ” ಎಂದೆ.

“ಆ ಕೂಸಿಗಿ ಯಾರ ಅದಾರ್ರಿ? ನಮ್ಮದನ್ನ ದೇವರು ಕಾಯತಾನ” ಎಂದಳು.

ಒಂಬತ್ತನೆಯ ದಿನ ನಮ್ಮ ಮಗ ತೀರಿಕೊಂಡ.

ಬದುಕಿದ ಹುಡುಗಿ ನಮ್ಮ ಮನೆಯಲ್ಲೇ ಇದ್ದಾಳೆ. ರೂತವ್ವನನ್ನು ‘ಅವ್ವಾ’ ಎಂದು ಕರೆಯುತ್ತಾಳೆ. ರೂತವ್ವ ಓಗೊಡುತ್ತಾಳೆ, ಆದರೆ ದೇವಾಲಯದಲ್ಲಿ ಹಾಡುವುದನ್ನು ಬಿಟ್ಟಿದ್ದಾಳೆ. ಅದನ್ನು ತಾವೂ ಕಂಡಿರಬಹುದು.

ಆ ಮಗು ನನ್ನತ್ತಲೂ ಕೈ ಚಾಚುತ್ತದೆ. ನಾನು ಇಂದಿನವರೆಗೆ ಅದನ್ನು ಎತ್ತಿಕೊಂಡಿಲ್ಲ.

ತಮ್ಮ ಪ್ರಾರ್ಥನೆ ಬೇಡುವ,
ಸಮುವೇಲಪ್ಪ