ಹರಿದ ಅಂಗಿ ಇಲ್ಲದ ಮನೆ

ಆಸ್ಪತ್ರೆಯ ಮೂಳೆ ವಾರ್ಡು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ,

ಸೊಸೆಯ ನಮಸ್ಕಾರಗಳು. ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಬಾಣಂತಿಯ ಮನೆಯಲ್ಲಿ ಮೇಲೆ ಕೆಳಗೆ ಓಡಾಡಿ ಅದನ್ನು ಇನ್ನಷ್ಟು ಹೆಚ್ಚು ಮಾಡಿಕೊಂಡಿರುತ್ತೀರಿ, ನನಗೆ ಗೊತ್ತು. ನಾದಿನಿ ಬೇಡವೆಂದರೂ ನೀವು ಕೇಳುವವರಲ್ಲ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆಯೇ? ಅದಕ್ಕೆ ಮಾವನವರ ಮೂಗೇ ಬಂದಿದೆ ಎಂದು ನಾದಿನಿ ಹೇಳಿದಳು. ಮೂಗು ಬಂದರೆ ಬರಲಿ, ಹಟ ಮಾತ್ರ ಬಾರದಿರಲಿ ಎಂದು ಇಲ್ಲಿಂದಲೇ ಹರಸುತ್ತಿದ್ದೇನೆ. ಇದೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಆದರೆ ನಿಮ್ಮ ಕಿವಿ ಅಷ್ಟಕ್ಕಷ್ಟೇ. ನಾನು ಕೂಗಿ ಹೇಳಿದರೆ ನಿಮಗಿಂತ ಮೊದಲು ಇಡೀ ವಾರ್ಡಿಗೆ ಕೇಳುತ್ತದೆ. ನಾದಿನಿಯ ಮೂಲಕ ಹೇಳಿಸೋಣವೆಂದರೆ ಅವಳು ಹಸಿ ಬಾಣಂತಿ, ಅಳಿಸಿದ ಪಾಪ ನನಗೆ ಬೇಡ. ನಿಮ್ಮ ಮಗ ಹೇಗೂ ನಾಳೆ ಆ ಕಡೆಗೇ ಲೋಡು ಒಯ್ಯುತ್ತಿದ್ದಾರೆ, ಲಾರಿಯಲ್ಲೇ ಈ ಪತ್ರವೂ ಬರಲಿ ಎಂದು ಕೂತು ಬರೆಯುತ್ತಿದ್ದೇನೆ. ಮಾವನವರು ನಿದ್ದೆ ಮಾಡುತ್ತಿದ್ದಾರೆ, ಅಥವಾ ನನ್ನ ಮುಖ ನೋಡಬಾರದೆಂದು ಹಾಗೆ ನಟಿಸುತ್ತಿದ್ದಾರೆ.

ಅವರು ಹೊಲಿಗೆ ಅಂಗಡಿಯಲ್ಲಿ ಸ್ಟೂಲಿನಿಂದ ಬಿದ್ದದ್ದು, ಸೊಂಟದ ಕೀಲು ಮುರಿದದ್ದು, ಹೊಸ ಕೀಲು ಹಾಕಬೇಕಾದದ್ದು ಎಲ್ಲ ನಿಮಗೆ ಗೊತ್ತು. ದಾನಿಗಳ ಹಣದಿಂದ ಆಪರೇಷನ್ ಆಗುತ್ತದೆ ಎಂದೂ ಹೇಳಿದ್ದೆವು. ಅದು ಹೇಗೆ ಎಂದು ಹೇಳಿರಲಿಲ್ಲ. ಹೊರದೇಶದಲ್ಲಿ ಒಂದು ಸಂಸ್ಥೆ ಇದೆ. ಇಲ್ಲಿ ರೋಗಿಯ ಫೋಟೋ ತೆಗೆದು, ಅವರ ಕಥೆಯನ್ನು ನಾಲ್ಕು ಸಾಲು ಬರೆದು ಅಲ್ಲಿಗೆ ಕಳಿಸುತ್ತಾರೆ. ಎಲ್ಲೆಲ್ಲೋ ಕುಳಿತವರು ಅದನ್ನು ಫೋನಿನಲ್ಲಿ ನೋಡಿ, ಯಾರನ್ನು ಕಂಡು ಮನಸ್ಸು ಕರಗುತ್ತದೋ ಅವರಿಗೆ ಕೈಲಾದಷ್ಟು ಕೊಡುತ್ತಾರೆ. ಫೋಟೋದ ಕೆಳಗೆ ಒಂದು ಪಟ್ಟಿ ಇರುತ್ತದೆ, ಹಣ ಬಂದ ಹಾಗೆ ಅದು ಹಸಿರಾಗುತ್ತಾ ಹೋಗುತ್ತದೆ. ತುದಿಯವರೆಗೆ ಹಸಿರಾದರೆ ಆಪರೇಷನ್. ಚಿಕ್ಕ ಮಕ್ಕಳ ಪಟ್ಟಿ ನಾವು ಚಹಾ ಕುಡಿದು ಲೋಟ ತೊಳೆಯುವುದರೊಳಗೆ ತುಂಬಿಬಿಡುತ್ತದೆ. ಮುದುಕರದು ಇದ್ದಲ್ಲೇ ಇರುತ್ತದೆ. ಕೊಡುವವರನ್ನು ಬೈಯೋಣವೆಂದರೆ ಬಾಯಿಯೂ ಬರುವುದಿಲ್ಲ ಅತ್ತೆ. ಅಲ್ಲಿ ಬಸ್ಸು ಓಡಿಸುವ ಒಬ್ಬಾಕೆ ಪ್ರತಿ ಸಂಬಳದಲ್ಲೂ ಒಬ್ಬ ರೋಗಿಗೆಂದು ತೆಗೆದಿಡುತ್ತಾಳಂತೆ. ಗುರುತು ಪರಿಚಯವಿಲ್ಲದ ಹೆಂಗಸು. ಅಂಥವಳನ್ನು ಏನೆಂದು ಬೈಯಲಿ? ಆದರೂ ಹೊಟ್ಟೆ ಉರಿಯುತ್ತದೆ. ವಾರ್ಡಿಗೆ ಹೊಸ ಮಗುವೊಂದು ಬಂದರೆ, ಅಯ್ಯೋ ಪಾಪ ಎನ್ನುವುದಕ್ಕೆ ಮೊದಲೇ, ಇನ್ನು ನಮ್ಮ ಮಾವನವರನ್ನು ಯಾರು ನೋಡುತ್ತಾರೆ ಎಂಬ ಯೋಚನೆ ಬರುತ್ತದೆ. ನಾನು ಇಂಥವಳಾಗಿರಲಿಲ್ಲ.

ಫೋಟೋ ತೆಗೆಯುವ ಹುಡುಗಿಯನ್ನು ನಾವೆಲ್ಲ ಸ್ಮೈಲ್ ಮೇಡಂ ಎನ್ನುತ್ತೇವೆ. ಕಾಲಿಗೆ ತೂಕ ಕಟ್ಟಿ ಮಲಗಿಸಿದವರಿಗೂ ‘ಸ್ವಲ್ಪ ಸ್ಮೈಲ್ ಮಾಡಿ’ ಎನ್ನುತ್ತಾಳೆ. ಹುಡುಗಿ ಒಳ್ಳೆಯವಳೇ, ಕೆಲಸಕ್ಕೆ ಹೊಸಬಳು. ಹಲ್ಲು ಕಿರಿದು ನಗುವಂತಿಲ್ಲ, ಅಳುವಂತೆಯೂ ಇಲ್ಲ. ಕಷ್ಟದಲ್ಲಿದ್ದೇನೆ, ಆದರೆ ಧೈರ್ಯ ಬಿಟ್ಟಿಲ್ಲ ಎನ್ನುವಷ್ಟು ನಗಬೇಕು. ಅದು ಎಷ್ಟು ನಗು ಎಂದು ನನಗಂತೂ ಇವತ್ತಿಗೂ ಅರ್ಥವಾಗಿಲ್ಲ. ಆಮೇಲೆ ಕಥೆಗೆ ಬೇಕೆಂದು, ಗುಣವಾದ ಮೇಲೆ ನಿಮ್ಮ ಕನಸೇನು ಎಂದು ಮಾವನವರನ್ನು ಕೇಳಿದಳು. ‘ಮಿಷನ್ ತುಳೀಬೇಕು’ ಎಂದರು. ಇನ್ನೂ ಏನಾದರೂ ದೊಡ್ಡದು ಹೇಳಿ ಎಂದಳು. ‘ಎರಡು ಮಿಷನ್ ತುಳೀಲಾ?’ ಎಂದರು. ಪಾಪ, ಅದನ್ನೂ ಬರೆದುಕೊಂಡಳು.

ಇನ್ನು ನಿಮ್ಮ ಯಜಮಾನರು ಮಾಡಿದ ಎಡವಟ್ಟಿಗೆ ಬರುತ್ತೇನೆ. ಊರ ಹೊರಗಿನ ಜನ ನೋಡುವ ಫೋಟೋ ಎಂದು ಕಿವಿಗೆ ಬಿದ್ದದ್ದೇ ತಡ, ಮನೆಯಿಂದ ತಾವೇ ಹೊಲಿದ ಕರಿ ಕೋಟು ತರಿಸಿಕೊಂಡರು. ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದ ಮಂಚದಲ್ಲಿ ಮೂಟೆ ಹೊರುವವನೊಬ್ಬ ಇದ್ದಾನೆ, ತೋಳಿನ ಮೂಳೆ ಸೊಟ್ಟಗೆ ಕೂಡಿಕೊಂಡಿದೆ. ಅವನ ಅಂಗಿಗೆ ಒಂದು ಗುಂಡಿ ಇರಲಿಲ್ಲ. ‘ನಾಲ್ಕು ಜನ ನೋಡೋ ಫೋಟೋದಲ್ಲಿ ಗುಂಡಿ ಇಲ್ದೆ ಕೂತ್ಕೋತೀಯೇನಯ್ಯಾ?’ ಎಂದು ಮಲಗಿದಲ್ಲೇ ಹೊಲಿದುಕೊಟ್ಟರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದರು. ಒಬ್ಬರ ಕಾಲರ್ ಮಗುಚಿ ಹೊಲಿದದ್ದಾಯಿತು, ಇನ್ನೊಬ್ಬರ ತೋಳು ಬಿಗಿ ಮಾಡಿದ್ದಾಯಿತು. ಎದುರು ಮಂಚದಲ್ಲಿ ಒಂದು ಪುಟ್ಟ ಹುಡುಗಿ, ಹುಟ್ಟುವಾಗಲೇ ಪಾದಗಳು ಒಳಕ್ಕೆ ತಿರುಗಿವೆ, ಪಾದದ ಅಂಚಿನ ಮೇಲೆ ನಡೆಯುತ್ತದೆ. ಅದಕ್ಕೆ ಅಂಗಡಿಯಲ್ಲಿ ಉಳಿದ ತುಂಡುಗಳನ್ನೆಲ್ಲ ನನ್ನಿಂದ ತರಿಸಿ, ನೆರಿಗೆ ಇಟ್ಟು ಒಂದು ಫ್ರಾಕು ಹೊಲಿದರು. ಸುಳ್ಳೇಕೆ ಹೇಳಲಿ, ನಾನೂ ಸೆರಗು ಬಿಗಿದು ನಿಂತೆ. ಪಾತ್ರೆಗೆ ಬಿಸಿನೀರು ತುಂಬಿ ಅದರ ತಳದಿಂದ ಎಲ್ಲರ ಬಟ್ಟೆಗೂ ಇಸ್ತ್ರಿ ಹಾಕಿದೆ. ಫೋಟೋ ದಿನ ವಾರ್ಡು ಮದುವೆ ಮನೆಯ ಹಾಗಿತ್ತು. ಇಷ್ಟು ಲಕ್ಷಣವಾದ ಫೋಟೋಗಳನ್ನು ನಾನು ತೆಗೆದೇ ಇಲ್ಲ ಎಂದು ಸ್ಮೈಲ್ ಮೇಡಂ ಕುಣಿದಾಡಿ ಎಲ್ಲವನ್ನೂ ಒಟ್ಟಿಗೆ ಕಳಿಸಿದಳು.

ಪಟ್ಟಿಗಳು ಒಂದೂ ಹಸಿರಾಗಲಿಲ್ಲ. ಆ ಮಗುವಿನದೂ ಆಗಲಿಲ್ಲ. ಅದರ ಬದಲು ಪ್ರಶ್ನೆಗಳು ಬಂದವು. ಇವರು ನಿಜವಾಗಿಯೂ ಬಡವರೇ? ನಮ್ಮ ಹಣ ಉಳ್ಳವರ ಪಾಲಾಗುತ್ತಿದೆಯೇ? ಯಾರೋ ಒಬ್ಬ ಮಹಾನುಭಾವ, ಆ ಅಜ್ಜನ ಕೋಟು ಹೊಲಿದ ದರ್ಜಿ ಯಾರು, ನನಗೂ ಒಂದು ಬೇಕು ಎಂದು ಬರೆದಿದ್ದಾನೆ. ಅದನ್ನು ಓದಿ ಹೇಳಿದಾಗ ಮಾವನವರ ಮುಖ ನೋಡಬೇಕಿತ್ತು, ಹಿಗ್ಗಿ ಹೀರೇಕಾಯಿಯಾದರು! ಸಂಸ್ಥೆಯವರು ಎಲ್ಲ ಫೋಟೋಗಳನ್ನೂ ತೆಗೆದುಹಾಕಿದ್ದಾರೆ. ದಿನಾ ಉಡುವ ಬಟ್ಟೆಯಲ್ಲಿ ಮತ್ತೆ ತೆಗೆಯಬೇಕು, ಒಟ್ಟಿಗೆ ಕಳಿಸಿದ್ದರಿಂದ ಎಲ್ಲರದೂ ಒಟ್ಟಿಗೇ ಬರಬೇಕು, ಒಬ್ಬರದು ಬಾಕಿ ಇದ್ದರೂ ಯಾರದನ್ನೂ ಹಾಕುವುದಿಲ್ಲ ಎಂದಿದ್ದಾರೆ. ಬುಧವಾರ ಕೊನೆಯ ದಿನ. ಈ ಆಪರೇಷನ್ ಮಾಡುವ ದೊಡ್ಡ ಡಾಕ್ಟರು ತಿಂಗಳ ಕೊನೆಗೆ ಹೊರಟುಬಿಡುತ್ತಾರೆ, ಮತ್ತೆ ಬರುವುದು ಮುಂದಿನ ವರ್ಷವೇ. ಅಲ್ಲಿಯವರೆಗೆ ಹೀಗೇ ಮಲಗಿದ್ದರೆ ಮಾವನವರು ಆಮೇಲೆ ಏಳುವುದೇ ಇಲ್ಲ ಎಂದು ನರ್ಸು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದಾರೆ. ಮಗುವಿನ ಪಾದಗಳೂ ಅಷ್ಟೇ, ಬೆಳೆದಷ್ಟೂ ಬಲಿಯುತ್ತವೆ.

ಉಳಿದವರೆಲ್ಲ ತೆಪ್ಪಗೆ ಮತ್ತೆ ಫೋಟೋಕ್ಕೆ ಕೂತರು. ಮೂಟೆ ಹೊರುವವನು ತನ್ನ ಗುಂಡಿಯನ್ನು ತಾನೇ ಕಿತ್ತು, ‘ತಪ್ಪು ತಿಳ್ಕೋಬೇಡಿ ಯಜಮಾನ್ರೇ’ ಎಂದು ಮಾವನವರ ಕೈಗೇ ಕೊಟ್ಟ. ಆ ಮಗು ಫ್ರಾಕು ಬಿಚ್ಚಲು ಬಿಡದೆ ರಂಪ ಮಾಡಿತು. ಅತ್ತು ಅತ್ತು ಕೆಂಪಾದ ಮುಖದಲ್ಲೇ ಫೋಟೋ ತೆಗೆದರು, ಅದೇ ಚೆನ್ನಾಗಿ ಬಂದಿದೆಯಂತೆ. ಈಗ ಉಳಿದಿರುವವರು ನಿಮ್ಮ ಯಜಮಾನರೊಬ್ಬರೇ. ಕೋಟು ಬಿಚ್ಚಿಸಿದರೆ ಒಳಗೆ ಮಡಿಕೆ ಮುರಿಯದ ಅಂಗಿ. ಮನೆಯಿಂದ ಹಳೆಯದು, ಹರಿದದ್ದು ಒಂದು ತನ್ನಿ ಎಂದಳು ಸ್ಮೈಲ್ ಮೇಡಂ. ಹೋಗಿ ಟ್ರಂಕು, ಕಪಾಟು, ಮಂಚದ ಕೆಳಗಿನ ಗಂಟು ಎಲ್ಲ ಜಾಲಾಡಿದೆ ಅತ್ತೆ. ಹಳೆಯದೇನೋ ಬೇಕಾದಷ್ಟಿದೆ, ಹರಿದದ್ದು ಒಂದೂ ಇಲ್ಲ. ನಮ್ಮ ಮನೆಯ ನೆಲ ಒರೆಸುವ ಬಟ್ಟೆಗೂ ಅಂಚು ಮಡಚಿ ಹೊಲಿದಿದೆ! ಬಾಡಿಗೆ ಕಟ್ಟಲು ತಿಣುಕಾಡುತ್ತೇವೆ, ರೆಡಿಮೇಡ್ ಬಂದ ಮೇಲೆ ಅಂಗಡಿಗೆ ಬರುವುದೆಲ್ಲ ಬರೀ ರಿಪೇರಿ. ಆದರೆ ಬಡವರೆಂದು ತೋರಿಸಲು ಒಂದು ಚಿಂದಿಯೂ ನಮ್ಮಲ್ಲಿಲ್ಲ. ಆ ಟ್ರಂಕಿನ ಮುಂದೆ ಕೂತು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಹೋಗಲಿ, ಯಾರದ್ದಾದರೂ ಹರಕು ಅಂಗಿ ಬೇಡಿ ತರುತ್ತೇನೆ ಎಂದರೆ ಸುತರಾಂ ಒಪ್ಪುವುದಿಲ್ಲ. ‘ಬಡವ ಅಂತ ಬರ್ಕೊಳ್ಳಲಿ, ಬೇಕಾದ್ರೆ ರುಜು ಹಾಕ್ತೀನಿ. ಆದ್ರೆ ವೇಷ ಹಾಕಲ್ಲ’ ಎನ್ನುತ್ತಾರೆ. ಆ ಮಾತಿನಲ್ಲಿ ತಪ್ಪೇನಿದೆ ಹೇಳಿ? ಅದೇ ನನ್ನ ತಲೆ ಕೆಡಿಸಿರುವುದು. ಅವರು ಹೇಳುವುದೂ ಸರಿ. ಯಾರೋ ನಾಟಕವಾಡಿ ಮೋಸ ಮಾಡಬಾರದಲ್ಲ, ದಾನಿಗಳು ಕೇಳುವುದೂ ಸರಿ. ಮೇಲಿನವರು ಹೇಳಿದಂತೆ ಮಾಡುತ್ತಿದ್ದೇನೆ ಎಂದು ಕಣ್ಣು ಒರೆಸಿಕೊಳ್ಳುವ ಆ ಹುಡುಗಿಯೂ ಸರಿ. ಎಲ್ಲರೂ ಸರಿಯಾಗಿಯೇ ಇದ್ದಾರೆ, ಆ ಮಗುವಿನ ಪಾದ ಮಾತ್ರ ಸೊಟ್ಟಗಿದೆ. ಮಗುವಿನ ತಾಯಿ ನಮ್ಮನ್ನು ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊದಲು ದಿನಾ ಬೆಳಿಗ್ಗೆ ಮಾವನವರಿಗೂ ಸೇರಿಸಿ ಬಿಸಿನೀರು ತರುತ್ತಿದ್ದಳು, ಈಗ ತನ್ನ ಚೊಂಬು ಮಾತ್ರ ತುಂಬಿಕೊಂಡು ಬರುತ್ತಾಳೆ. ನಿನ್ನೆ ಅದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ನಾಲ್ಕು ಜನರ ಮುಂದೆಯೇ ಮಾವನವರಿಗೆ, ‘ಆ ಮಗು ನಡೆಯೋದಕ್ಕಿಂತ ನಿಮ್ಮ ಕೋಟೇ ಹೆಚ್ಚಾ?’ ಎಂದುಬಿಟ್ಟೆ. ಈ ಮನೆಗೆ ಬಂದಾಗಿನಿಂದ ಅವರಿಗೆ ಎದುರು ಮಾತಾಡಿದವಳಲ್ಲ ನಾನು. ಗೋಡೆಯ ಕಡೆ ಮುಖ ಮಾಡಿದವರು ಇನ್ನೂ ತಿರುಗಿಲ್ಲ. ಗಂಜಿಯೂ ಹಾಗೇ ಆರಿ ಹೋಗಿದೆ.

ಅದಕ್ಕೇ ಅತ್ತೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಅವರಿಗೆ ಎರಡು ಸಾಲು ಬರೆಯಿರಿ. ಅವರು ಜಪ್ಪಯ್ಯ ಅಂದರೂ ನಮ್ಮ ಮಾತು ಕೇಳುವುದಿಲ್ಲ, ನಿಮ್ಮ ಮಾತಿಗೆ ಮಾತ್ರ ಹೂಂಗುಡುತ್ತಾರೆ. ನೀವು ಬರೆದದ್ದನ್ನು ನಾದಿನಿ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದರೆ ನಾನು ತೋರಿಸುತ್ತೇನೆ. ಬೈಯಿರಿ, ಹೆದರಿಸಿ, ಕೂಸನ್ನು ಎತ್ತಿಕೊಂಡು ನಡೆಯುವುದು ಬೇಡವೇ ಎಂದು ಕೇಳಿ, ನಿಮಗೆ ತೋಚಿದ್ದು ಬರೆಯಿರಿ. ನನ್ನ ಸಾಮರ್ಥ್ಯ ಮುಗಿಯಿತು. ಅಂಗಡಿ ನಾನು ಅರ್ಧ ದಿನ ತೆರೆಯುತ್ತಿದ್ದೇನೆ. ನಿಮ್ಮ ಮಾವ ಹೊಲಿದ ಹಾಗಿಲ್ಲ ಎಂದು ಗಿರಾಕಿಗಳು ಮೂಗು ಮುರಿಯುತ್ತಾರೆ, ಅದನ್ನೂ ಕೇಳಿಸಿಕೊಂಡು ಇಲ್ಲಿಗೆ ಓಡಿ ಬರುತ್ತೇನೆ.

ನಾದಿನಿಗೆ ನನ್ನ ಪ್ರೀತಿ ಹೇಳಿ, ಕೂಸಿಗೆ ದೃಷ್ಟಿ ತಾಗದಂತೆ ನನ್ನದೊಂದು ಮುತ್ತು. ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳಿ. ಈ ಪತ್ರದಲ್ಲಿ ಮಾವನವರ ಬಗ್ಗೆ ಮಾತು ಮೀರಿದ್ದರೆ ಎದುರಿಗೆ ಬಂದಾಗ ಎರಡೇಟು ಹಾಕಿ, ಈಗ ಮಾತ್ರ ನನ್ನ ಕಡೆ ಇರಿ.

ನಿಮ್ಮ ಹರಕೆ ಬೇಡುವ
ಸೊಸೆ

ಮರೆತ ಮಾತು: ಇಂದು ಸೋಮವಾರ. ಲೋಡು ತುಂಬುವುದು ತಡವಾಯಿತು, ನಿಮ್ಮ ಮಗ ಕೆಳಗೆ ಹಾರ್ನ್ ಮಾಡುತ್ತಿದ್ದಾರೆ, ಬೇಗ ಬರೆಯುತ್ತೇನೆ. ನಿಮ್ಮ ಎರಡು ಸಾಲು ಇನ್ನು ಬೇಡ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಮಾವನವರು ಕೋಟು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಮೈಮೇಲಿದ್ದ ಅಂಗಿಯ ತೋಳನ್ನು ಮುಂದೆ ಚಾಚಿ, ‘ನೀನೇ ಹರಿಯಮ್ಮಾ, ನನ್ನ ಕೈಗೆ ಬರಲ್ಲ’ ಎಂದರು. ನಾನು ಭುಜದ ಹತ್ತಿರ ಹಿಡಿದಾಗ ತಡೆದು, ‘ಹೊಲಿಗೆ ಬಿಚ್ಚಬೇಡ, ಬಟ್ಟೆನೇ ಹರಿ. ಹೊಲಿಗೆ ಬಿಟ್ಟಿದೆ ಅಂತ ಯಾರೂ ಅನ್ನಬಾರದು’ ಎಂದರು. ಹರಿದೆ. ಸದ್ದಿಗೆ ಇಡೀ ವಾರ್ಡು ತಿರುಗಿ ನೋಡಿತು. ಸ್ಮೈಲ್ ಮೇಡಂ ಹೇಳಿದಷ್ಟೇ, ಸರಿಯಾಗಿ ಅಷ್ಟೇ ನಕ್ಕರು. ಮಧ್ಯಾಹ್ನದೊಳಗೆ ಮಗುವಿನ ಪಟ್ಟಿ ತುಂಬಿತು, ಅದರ ಹಿಂದೆಯೇ ಇವರದೂ ತುಂಬಿತು. ಶುಕ್ರವಾರ ಆಪರೇಷನ್. ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು, ನನಗೆ ಕೈ ಎತ್ತಲು ಆಗಲಿಲ್ಲ. ಆ ಫೋಟೋ ನಾದಿನಿಯ ಫೋನಿಗೂ ಬಂದೇ ಬರುತ್ತದೆ, ಸಂಸ್ಥೆಯವರು ರೋಗಿಗಳ ಮನೆಯವರೆಲ್ಲರಿಗೂ ಕಳಿಸುತ್ತಾರಂತೆ. ಮಾವನವರು ಕೇಳಿದ್ದು ಒಂದೇ: ‘ಲೋಕ ಎಲ್ಲಾ ನೋಡ್ಲಿ, ನಿಮ್ಮತ್ತೆ ನೋಡೋದು ಬೇಡ.’ ನೋಡಬೇಡಿ ಅತ್ತೆ. ಅಕಸ್ಮಾತ್ ನೋಡಿದರೂ, ಅವರ ಮುಂದೆ ನೋಡಿಲ್ಲ ಅನ್ನಿ.