ಸರಪಳಿ ತುದಿಯ ರಾಣಿ

ಮಾರ್ಚ್ 14, 2005, ಸೋಮವಾರ

ಬೆಳಿಗ್ಗೆ ಪದಕಗಳ ಮೂರನೇ ಡಬ್ಬಿ ತೆಗೆದೆ. 1909ರವು ಹನ್ನೊಂದು, 1923ರವು ಹದಿನಾಲ್ಕು. ಒರೆಸಲಿಲ್ಲ, ಧೂಳು ಊದಿದೆ ಅಷ್ಟೆ. ಹಳೆ ಪದಕದ ಕಪ್ಪೇ ಅದರ ವಯಸ್ಸು. ಬಟ್ಟೆ ಮುಟ್ಟಿಸುವವನು ಸಂಗ್ರಾಹಕನಲ್ಲ, ಪಾತ್ರೆ ತೊಳೆಯುವವನು.

ಹತ್ತಕ್ಕೆ ಬೌಕೆ ಬಂದ. ಊರ ರಾಣಿಹಬ್ಬದ ಸಮಿತಿಗೆ ಅಧ್ಯಕ್ಷ, ನಡಿಗೆ ನೋಡಿದರೇ ಗೊತ್ತಾಗುತ್ತದೆ. ಈಗಿನ ರಾಣಿ ಪಟ್ಟಕ್ಕೆ ಬಂದು ಈ ಸಲ ಇಪ್ಪತ್ತೈದು ವರ್ಷ. ಹಬ್ಬದ ದಿನ, ಏಪ್ರಿಲ್ 30ಕ್ಕೆ, ಶಾಲೆಯಲ್ಲಿ ಪದಕಗಳ ಪ್ರದರ್ಶನ. ನನ್ನವೇ, ನೂರ ಹನ್ನೆರಡೂ. ನಲವತ್ತು ವರ್ಷ ಸಂತೆಯಲ್ಲಿ ಪರದೆ ಬಟ್ಟೆ ಮಾರಿದವನಿಗೆ ಗಾಜಿನ ಪೆಟ್ಟಿಗೆ.

"ಎಲ್ಲ ಸರಿ ಲೀವೆ, ನಮ್ಮೂರು ಹೂಮರ್ಟಿನದೇ ಇಲ್ವಲ್ಲೋ," ಅಂದ, ಪದಕ ಕೂರಿಸುವ ತಟ್ಟೆಯ ಒಂದು ಖಾಲಿ ಗುಂಡಿಗೆ ಬೆರಳಿಟ್ಟು.

ಇಲ್ಲ. 1898ರಲ್ಲಿ ವಿಲ್ಹೆಲ್ಮಿನಾ ರಾಣಿಯಾದಾಗ ಊರ ಶಾಲೆಮಕ್ಕಳಿಗೆಂದು ಅರವತ್ತೆರಡು ಕಂಚಿನ ಪದಕ ಮಾಡಿಸಿದ್ದರು. ಒಂದು ಕಡೆ ರಾಣಿ, ಇನ್ನೊಂದು ಕಡೆ ನಮ್ಮ ಚರ್ಚಿನ ಗೋಪುರ. ಅರವತ್ತೊಂದು ಕೊರಳಿಗೆ ಬಿದ್ದವು. ಒಂದು ಬೀಳಲಿಲ್ಲ. ಅದು ನನ್ನ ಅಜ್ಜನದು. ಅವನಪ್ಪ ಕೆಂಪು ಬಾವುಟದವನು, ರಾಣಿಯ ಮುಖ ನನ್ನ ಮಗನ ಎದೆ ಮೇಲೆ ಬೇಡ ಅಂದುಬಿಟ್ಟ. ಹತ್ತು ವರ್ಷದ ಅಜ್ಜ ಕಿಟಕಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತ ಮೆರವಣಿಗೆ ನೋಡಿದ. ಎಂಬತ್ತಾದ ಮೇಲೂ ಆ ರಿಬ್ಬನ್ನಿನ ಬಣ್ಣ ವರ್ಣಿಸುತ್ತಿದ್ದ.

ಉಳಿದವು ಯುದ್ಧದಲ್ಲಿ ಹೋದವು. ಜರ್ಮನ್ನರು ತಾಮ್ರ, ಕಂಚು ಎಲ್ಲ ಒಪ್ಪಿಸಿ ಅಂದರು… ಊರವರು ಒಪ್ಪಿಸಿದರು.

ಆ ಗುಂಡಿ ಅಜ್ಜನದು. ಆರೂವರೆ ವಾರ ಇದೆ. ತುಂಬಿಸಿಯೇ ತೀರುವುದು.

ಮಾರ್ಚ್ 22, ಮಧ್ಯಾಹ್ನ

ಕ್ರಮವಾಗಿ ಬರೆಯುತ್ತೇನೆ.

ರೆನ್ಸ್ಕೆಯಮ್ಮನ ಮನೆಗೆ ಹೋಗಿದ್ದೆ, ಪರದೆ ಮೋಟು ಮಾಡಿಕೊಡಲು. ಎಂಬತ್ನಾಲ್ಕು ವರ್ಷ, ಹುಟ್ಟಿದ್ದೂ ಬಾಳಿದ್ದೂ ಅದೇ ಬಾಡಿಗೆ ಮನೆ. ಕಾಫಿ, ಒಂದು ಬಿಸ್ಕತ್ತು, ಡಬ್ಬಿಯ ಮುಚ್ಚಳ ಠಪ್ಪನೆ ಮುಚ್ಚಿತು. ಆಮೇಲೆ ಟಾಯ್ಲೆಟ್ಟಿಗೆ ಹೋದೆ. ಗೋಡೆಗೆ ನೆಂಟರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರು. ತಲೆ ಮೇಲೆ ಹಳೇ ಕಾಲದ ನೀರಿನ ತೊಟ್ಟಿ, ಎಳೆಯಲು ಸರಪಳಿ. ಎಳೆದೆ.

ಹಿಡಿಯ ಜಾಗದಲ್ಲಿ ಮರದ ಗುಂಡು ಇರಬೇಕಿತ್ತು. ಚಪ್ಪಟೆ ಬಿಲ್ಲೆ. ಪದರ ಪದರ ಬಿಳಿ ಬಣ್ಣ ಬಳಿದು ಬಿಸ್ಕತ್ತಿನಷ್ಟು ದಪ್ಪ. ಮೇಲೆ ರಿಬ್ಬನ್ ತೂರಿಸುವಂಥ ಪುಟ್ಟ ಬಳೆ. ಹೆಬ್ಬೆರಳಿಗೆ ಗೊತ್ತಾಯಿತು, ಕಣ್ಣಿಗಿಂತ ಮೊದಲು. ಅಂಚಿನಲ್ಲಿ ಬಣ್ಣ ಎದ್ದ ಕಡೆ ಕಂದು ಲೋಹ, ಗೋಪುರದ ಇಳಿಮಾಡು.

"ಲೀವೆ, ಹುಷಾರಿಲ್ವೇನೋ? ಹತ್ತು ನಿಮಿಷ ಆಯ್ತು," ಅಂತ ಹೊರಗಿನಿಂದ.

"ಹೊಟ್ಟೆ ಸ್ವಲ್ಪ," ಅಂದೆ.

ಪರದೆ ಎರಡು ಇಂಚು ವಾರೆಯಾಗಿ ಕತ್ತರಿಸಿದೆ. ನಲವತ್ತು ವರ್ಷದಲ್ಲಿ ಮೊದಲ ಸಲ.

ಅದೇ ದಿನ, ಸಂಜೆ

ನನ್ನ ನೋಟುಪುಸ್ತಕದಲ್ಲಿ ನಾಲ್ಕು ಕಾಲಮ್ಮು. ವರ್ಷ, ಊರು, ಯಾರಿಂದ. ನಾಲ್ಕನೆಯದು ನನಗೊಬ್ಬನಿಗೇ: ಹೇಳಿದೆ / ಹೇಳಲಿಲ್ಲ. ಅಂದರೆ ಕೈಯಲ್ಲಿರುವುದು ಏನು ಅಂತ ಅವರಿಗೆ ಹೇಳಿ ತಂದೆನೋ, ಹೇಳದೆಯೋ.

ಎಣಿಸಿದೆ. ಹೇಳಲಿಲ್ಲ — ಮೂವತ್ತೇಳು. ಎಲ್ಲ ಒಳ್ಳೊಳ್ಳೆಯವೇ.

ಮಾರ್ಚ್ 30

ಮತ್ತೆ ಹೋದೆ. ವಾರೆ ಪರದೆ ಸರಿ ಮಾಡುವ ನೆಪ. ಬಾಡಿಗೆ ಮನೆಗಳ ಸಂಸ್ಥೆ ಇಡೀ ಸಾಲಿನ ಟಾಯ್ಲೆಟ್ ಕಿತ್ತು ಹೊಸದು ಹಾಕುತ್ತದಂತೆ. ಇವರ ಮನೆಗೆ ಏಪ್ರಿಲ್ 19.

"ಹಳೇ ಸರಪಳಿ ಎಸೆಯೋದಾದ್ರೆ ನಂಗೆ ಕೊಡಿ ರೆನ್ಸ್ಕೆಯಮ್ಮ. ಶೆಡ್ಡಲ್ಲಿ ದೀಪ ತೂಗುಹಾಕೋಕೆ."

"ನೀನು ಕಾರಣ ಇಲ್ದೆ ಒಂದು ಗುಂಡುಸೂಜಿ ಎತ್ಕೊಂಡವನಲ್ಲ," ಅಂದರು. "ಇರ್ಲಿ. ಕಿತ್ತ ದಿನ ಬಂದು ತಗೊಂಡ್ಹೋಗು."

ಅಲ್ಲಿಗೆ ಎದ್ದು ಬರಬೇಕಿತ್ತು. ಬಾಯಿ ಸುಮ್ಮನಿರಬೇಕಲ್ಲ. ಪ್ರದರ್ಶನದ ಸುದ್ದಿ, ಅಜ್ಜನ ಆಲೂಗಡ್ಡೆ, ಎಲ್ಲ ಒದರಿದೆ. ಅವರು ಕಪ್ಪು ಕೆಳಗಿಟ್ಟರು.

"ನಮ್ಮಮ್ಮಂಗೆ ಸಿಕ್ಕಿತ್ತು ಕಣೋ. ಒಂಬತ್ತು ವರ್ಷ ಆಗ. ಅಪ್ಪ ಅದನ್ನ ಜರ್ಮನ್ನರಿಗೆ ಕೊಟ್ಬಿಟ್ಟ, ನಲವತ್ತೊಂದರಲ್ಲಿ. 'ಜೋಪಾನ ಮಾಡಿದೀನಿ, ರಾಣಿ ವಾಪಸ್ ಬರ್ಲಿ' ಅಂತ ಬುರುಡೆ ಬಿಟ್ಟ, ಎಲ್ಲಿ ಅಂತ ಹೇಳ್ಲಿಲ್ಲ. ನಲವತ್ನಾಲ್ಕರಲ್ಲಿ ಅವನೇ ತೀರ್ಕೊಂಡ. ಅಮ್ಮ ಹಿತ್ತಿಲೆಲ್ಲ ಅಗೆದು ನೋಡಿದ್ಲು. ಸಾಯೋವರ್ಗೂ ಅವನ ಹೆಸರು ಎತ್ತಲಿಲ್ಲ."

ನಾನು ಬಿಸ್ಕತ್ತು ತಿಂದೆ. ಪರದೆ ಸರಿ ಮಾಡಿ ಬಂದೆ.

ಏಪ್ರಿಲ್ 3, ಭಾನುವಾರ

ಹೆಂಡತಿ ದೀವ್ಕೆಗೆ ಎಲ್ಲ ಹೇಳಿದೆ. ಇಸ್ತ್ರಿ ಮಾಡುತ್ತಲೇ ಕೇಳಿದಳು.

"ಹಾಗಾದ್ರೆ ಮೂವತ್ತೆಂಟು ಅಂತ ಬರ್ಕೋ," ಅಂದಳು.

"ಕೈಗೆ ಬಂದಮೇಲೆ ಹೇಳ್ತೀನಿ."

"ಕೈಗೆ ಬಂದಮೇಲೆ ನೀನು ಏನು ಹೇಳಿದ್ದು ಉಂಟು ಮಾರಾಯ?"

ಮೊದಲು ಹೇಳಿದರೆ ಕೊಡುವುದಿಲ್ಲ. ಯಾವ ಮಗಳು ಕೊಟ್ಟಾಳು? ಗುಂಡಿ ಖಾಲಿ ಉಳಿಯುತ್ತದೆ. 19ಕ್ಕೆ ತರುತ್ತೇನೆ. ತಂದೇ ತರುತ್ತೇನೆ.

ಏಪ್ರಿಲ್ 18, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಬ್ರೆಡ್ ತರಲು ಹೋದ ದೀವ್ಕೆ ಬರಿಗೈಲಿ ವಾಪಸ್ಸು. "ಕೆಲಸದವ್ರು ಒಂದು ದಿನ ಮುಂಚೆ ಬಂದಿದಾರೆ. ರೆನ್ಸ್ಕೆಯಮ್ಮನ ಮನೇಲೆ."

ಸೈಕಲ್ ಹತ್ತಿದೆ. ಎದುರುಗಾಳಿ. ಹೋಗುವಷ್ಟರಲ್ಲಿ ತೊಟ್ಟಿ, ಪೈಪು, ಕಮೋಡು ಎಲ್ಲ ರಸ್ತೆಬದಿಯ ಕಬ್ಬಿಣದ ಕಸದ ಪೆಟ್ಟಿಗೆಗೆ ಬಿದ್ದಾಗಿತ್ತು, ಮೇಲೆ ನಾಲ್ಕು ಮನೆಯ ಟೈಲ್ಸ್ ಚೂರು.

ಹತ್ತಿ ಇಳಿದೆ, ಒಳಗೆ. ಅರವತ್ತೊಂಬತ್ತು ವರ್ಷ, ಒಳ್ಳೆ ಕೋಟು.

"ತಾತಾ, ಏನು ಬೀಳಿಸ್ಕೊಂಡ್ರಿ?" ಅಂದ ಕೆಲಸದವನೊಬ್ಬ.

ಮಂಡಿಯೂರಿ ಕೆದಕಿದೆ. ಬೆರಳು ಕೊಯ್ದಿತು. ಇಡೀ ಸಾಲಿನ ಕಿಟಕಿಗಳಲ್ಲಿ ಮುಖ. ಕಾಲು ಗಂಟೆ ಆದಮೇಲೆ ಸಿಕ್ಕಿತು. ಬಿದ್ದ ಏಟಿಗೆ ಬಣ್ಣದ ಹೊಪ್ಪಳೆ ಅರ್ಧ ಹಾರಿಹೋಗಿತ್ತು. ಗೋಪುರ. ಕೆಳಗೆ ಹೂಮರ್ಟ್, 1898. ಮುಷ್ಟಿಯಲ್ಲಿ ಬಿಗಿ ಹಿಡಿದೆ. ಮೂವತ್ತೆಂಟು.

ತಲೆ ಎತ್ತಿದರೆ ರೆನ್ಸ್ಕೆಯಮ್ಮ ಬಾಗಿಲಲ್ಲಿ, ಕೈಯಲ್ಲಿ ಟವಲು. "ರಕ್ತ ಬರ್ತಿದೆಯಲ್ಲೋ ಮೂರ್ಖ. ಒಂದು ಸರಪಳಿಗೆ."

ಆ ಟವಲು ನೋಡಿದ ಮೇಲೆ ಮುಚ್ಚಿಡಲು ಆಗಲಿಲ್ಲ. ಅಂಗೈ ಬಿಚ್ಚಿದೆ. "ಸರಪಳಿಗಲ್ಲ. ಇದು ನಿಮ್ಮಮ್ಮನದು. ನಂಗೆ ನಾಲ್ಕು ವಾರದಿಂದ ಗೊತ್ತು."

ತಗೊಂಡರು. ಉಗುರಲ್ಲಿ ಕೆರೆದರು. ತುಂಬಾ ಹೊತ್ತು.

"ಅಪ್ಪ ಕೊಟ್ಟಿರ್ಲಿಲ್ಲ," ಅಂದರು.

ಪದಕವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ಟವಲು ನನಗೆ ಕೊಟ್ಟರು. ಬಾಗಿಲು ಹಾಕಿದರು.

ನಾಲ್ಕನೇ ಕಾಲಮ್ಮು: ಹೇಳಿದೆ. ಪದಕ: ಇಲ್ಲ.

ಏಪ್ರಿಲ್ 26

ಎಂಟು ದಿನ ಸುದ್ದಿಯಿಲ್ಲ. ಕಿಟಕಿಯಲ್ಲಿ ಕಂಡರೂ ತಲೆ ಆಡಿಸುವುದಿಲ್ಲ. ಬೌಕೆ ಕೇಳಿದ, ಗುಂಡಿಗೆ ಫೋಟೋ ಅಂಟಿಸೋಣವೇ ಅಂತ. ಬೇಡ ಅಂದೆ. ಖಾಲಿಯೇ ಇಡುತ್ತೇನೆ, ಕೆಳಗೆ ಅಜ್ಜನ ಹೆಸರು ಬರೆದು. ಖಾಲಿ ಅನ್ನುವುದೂ ಒಂದು ಲೆಕ್ಕವೇ.

ಏಪ್ರಿಲ್ 29, ಸಂಜೆ

ಶಾಲೆಯಲ್ಲಿ ಗಾಜಿನ ಪೆಟ್ಟಿಗೆ ಜೋಡಿಸುತ್ತಿದ್ದೆವು. ರೆನ್ಸ್ಕೆಯಮ್ಮ ಬಂದರು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ತೆಗೆದರು.

ದೇವರೇ. ಪದಕ ಹೊಸ ನಲ್ಲಿಯ ಹಾಗೆ ಫಳಫಳ.

"ಸೋಡಾ ನೀರಲ್ಲಿ ಎರಡು ಸಲ ಕುದಿಸ್ದೆ. ಬಣ್ಣ ಬಿಟ್ಟಿತು. ಆಮೇಲೆ ಹಿತ್ತಾಳೆ ಪಾಲಿಶು, ಒಂದು ವಾರ, ದಿನಾ ಸಾಯಂಕಾಲ. ಅಷ್ಟು ಕೊಳೆಯಲ್ಲಿ ಊರ ಮುಂದೆ ಇಡೋದಾ? ಅಮ್ಮ ಒಪ್ತಿದ್ಲಾ?"

ನೂರ ಏಳು ವರ್ಷದ ಕಪ್ಪು, ಒಂದು ವಾರದಲ್ಲಿ ಸ್ವಾಹಾ. ರಾಣಿಯ ಮೂಗು ಪೂರಾ ಸವೆದು ನುಣ್ಣಗೆ. ಬೌಕೆ ನನ್ನ ಮುಖ ನೋಡಿದ. ಅದು ಏನೆಂದು ಹೇಳಿದ್ದೆ, ತೊಳೆಯಬೇಡಿ ಅನ್ನಲು ಮರೆತಿದ್ದೆ. ಈ ಊರಲ್ಲಿ, ಹೊಸಿಲನ್ನೂ ಬ್ರಶ್ಶಿನಲ್ಲಿ ಉಜ್ಜುವ ಹೆಂಗಸಿಗೆ.

"ಚೆನ್ನಾಗಿದೆ," ಅಂದೆ. ಮೂರು ಸಲ ಅಂದೆ. ಮೂರನೇ ಸಲಕ್ಕೆ ನನಗೂ ಹಾಗೇ ಕಂಡಿತು.

ಗುಂಡಿಗೆ ಇಡಲು ಕೈ ಚಾಚಿದೆ. ಡಬ್ಬಿ ಠಪ್ಪನೆ ಮುಚ್ಚಿತು.

"ಪೆಟ್ಟಿಗೆಗಲ್ಲ. ನಾಳೆ ಮೆರವಣಿಗೇಲಿ ನೀನು ಹಾಕ್ಕೊಂಡು ನಡೀಬೇಕು, ಚರ್ಚಿಂದ ಶಾಲೆವರ್ಗೆ. ನಿಮ್ಮಜ್ಜ ನಡೀದೆ ಇದ್ದ ದಾರಿ. ಸಾಯಂಕಾಲ ನನ್ನ ಕೈಗೆ ವಾಪಸ್ಸು."

"ರೆನ್ಸ್ಕೆಯಮ್ಮ…"

"ಇನ್ನೂ ಮುಗೀಲಿಲ್ಲ. ಇದು ಎಲ್ಲಿತ್ತು ಅಂತ ಕೇಳಿದವ್ರಿಗೆಲ್ಲ ಮೊದಲಿಂದ ಹೇಳ್ಬೇಕು. ನಮ್ಮಪ್ಪ ಬಚ್ಚಿಟ್ಟಿದ್ದ ಅನ್ನೋದು ಹೇಳ್ಬೇಕು. ನೀನು ನಾಲ್ಕು ವಾರ ಬಾಯಿಗೆ ಬೀಗ ಹಾಕ್ಕೊಂಡಿದ್ದೂ ಹೇಳ್ಬೇಕು. ಒಂದು ಬಿಡೋ ಹಾಗಿಲ್ಲ."

ಏಪ್ರಿಲ್ 30, ಬೆಳಿಗ್ಗೆ 8.40

ಗುಂಡಿ ಖಾಲಿಯೇ ಉಳಿಯಿತು. ಇರಲಿ.

ರೆನ್ಸ್ಕೆಯಮ್ಮನ ತಾಯಿ ಎತ್ತಿಟ್ಟಿದ್ದ ರಿಬ್ಬನ್ನೂ ಡಬ್ಬಿಯಲ್ಲಿತ್ತು, ಮಗುವಿನ ಕೊರಳಿನ ಅಳತೆಗೆ. ನನ್ನ ತಲೆ ತೂರದು. ದೀವ್ಕೆ ನನ್ನ ಹಳೇ ಪರದೆ ಬಟ್ಟೆಯಿಂದ ಒಂದು ತುಂಡು ಕತ್ತರಿಸಿ ಸೇರಿಸುತ್ತಿದ್ದಾಳೆ. ರಿಬ್ಬನ್ನಿನ ಬಣ್ಣ ಅಜ್ಜ ಹೇಳುತ್ತಿದ್ದ ಕಿತ್ತಳೆಯೇ, ತುಸು ಮಾಸಿದೆ. ಕೆಂಪಿನವನ ಮರಿಮಗ, ಎದೆ ಮೇಲೆ ಮೂಗಿಲ್ಲದ ರಾಣಿ.

ವಾದ್ಯದವರು ಚರ್ಚಿನ ಹತ್ತಿರ ಶುರು ಮಾಡಿದರು. ಬಾಗಿಲ ಹೊರಗೆ ಬೌಕೆ ಆಗಲೇ ಯಾರಿಗೋ ಹೇಳುತ್ತಿದ್ದಾನೆ, "ಇರಿ, ಲೀವೆನೇ ಹೇಳ್ತಾನೆ, ಎಲ್ಲಿತ್ತು ಅಂತ." ಕೇಳುವವರಲ್ಲಿ ಮೊದಲನೆಯವರು. ಮಾರ್ಚ್ 22ರಿಂದ ಶುರು ಮಾಡಬೇಕು, ಹೊಟ್ಟೆ ಸ್ವಲ್ಪ ಅಂದದ್ದರಿಂದ… ದೀವ್ಕೆ ಗಂಟು ಹಾಕುತ್ತಿದ್ದಾಳೆ, ಕತ್ತು ಆಡಿಸಬೇಡ ಅನ್ನುತ್ತಾಳೆ, ಬರೆಯಲು ಆಗು—